ನಮ್ಮ ಜಿಲ್ಲೆಯ ಗ್ರಾಫಿಕ್ಸ್ ಸ್ಕೋರ್ ಪಟ್ಟಿ ನಂಬುವಂತಿರಬೇಕಾದರೆ ಏನು ಮಾಡಬೇಕು?

ಕಾಳಿತೀರ (ಕಾರವಾರ)

ಎಲ್ಲರಿಗೂ ನಮಸ್ಕಾರ. ನಾವೆಲ್ಲ ಸೇರಿ ಇಟ್ಟುಕೊಂಡಿರುವ ಸ್ಕೋರ್ ಪಟ್ಟಿಯಲ್ಲಿ ಈ ವಾರ ಜಗಳ ಎದ್ದಿದ್ದು ನೋಡಿರುತ್ತೀರಿ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್ ಇರುವ ಎರಡು ಲ್ಯಾಪ್‌ಟಾಪು. ತ್ರೀಡಿಮಾರ್ಕ್‌ನ ಟೈಮ್ ಸ್ಪೈ ಅನ್ನುವ ವೇಗದ ಪರೀಕ್ಷೆ (ಬೆಂಚ್‌ಮಾರ್ಕ್) ಓಡಿಸಿದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಕಡಿಮೆ ಬಂದವರು ಹೆಚ್ಚು ಬಂದವರಿಗೆ "ಸೆಟ್ಟಿಂಗ್ ತಿದ್ದಿದ್ದಾನೆ" ಅಂದರು. ಅವರು ಬೇಜಾರಾಗಿ, ನನ್ನ ಹೆಸರೇ ಪಟ್ಟಿಯಿಂದ ತೆಗೆದುಬಿಡಿ ಅಂತ ನನಗೆ ಮೆಸೇಜ್ ಹಾಕಿದರು.

ಈ ಪಟ್ಟಿ ನನಗೆ ಆಟದ ವಿಷಯ ಅಲ್ಲ. ನಮ್ಮಲ್ಲಿ ಹೆಚ್ಚಿನವರು ಕಾರ್ಡನ್ನೋ ಲ್ಯಾಪ್‌ಟಾಪನ್ನೋ ಆನ್‌ಲೈನಿನಲ್ಲಿ ತರಿಸುತ್ತೇವೆ, ಇಲ್ಲವೇ ಹುಬ್ಬಳ್ಳಿ, ಮಡಗಾಂವ್, ಮಂಗಳೂರಿಗೆ ಹೋಗಿ ಡಬ್ಬಿ ನೋಡಿ ತರುತ್ತೇವೆ. ಓಡಿಸಿ ನೋಡಿ ಕೊಳ್ಳುವ ಅವಕಾಶ ಬಹಳ ಕಡಿಮೆ. ಇಂಜಿನಿಯರಿಂಗ್ ಸೇರಿದ ಮಗಳಿಗೆ ಅಂತ ಅಡಿಕೆ ದುಡ್ಡಿನಲ್ಲಿ ಲ್ಯಾಪ್‌ಟಾಪ್ ತೆಗೆಯುವ ಅಪ್ಪ ನಮ್ಮ ಪಟ್ಟಿ ನೋಡಿ ತೀರ್ಮಾನ ಮಾಡುತ್ತಾನೆ ಅಂದರೆ, ಅಲ್ಲಿರುವ ಅಂಕೆಗೆ ನಾವು ಜವಾಬ್ದಾರರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇನ್ನೊಬ್ಬರು ಅದೇ ಯಂತ್ರದಲ್ಲಿ, ಅದೇ ಸ್ಥಿತಿಯಲ್ಲಿ ಮತ್ತೆ ತೆಗೆಯಲು ಆಗದ ಸ್ಕೋರು ಪಟ್ಟಿಯಲ್ಲಿ ಇರಬಾರದು. ಅದಕ್ಕೆ ಯಾವ ಯಾವ ವಿವರ ಕೇಳಬೇಕು ಅನ್ನೋದನ್ನು ಇಲ್ಲಿ ಮಾತಾಡಿ ಮುಗಿಸೋಣ.

ದೇವಿಮನೆ ಘಟ್ಟ (ಶಿರಸಿ)

ಒಳ್ಳೆ ಕೆಲಸ ಮಾಡಿದಿರಿ. ಈ ಜಗಳ ಹೊಸದಲ್ಲ ಮಾರಾಯ್ರೆ, ಇಪ್ಪತ್ತೈದು ವರ್ಷದ್ದು. ಹಳೆಯದು ಗೊತ್ತಿದ್ದರೆ ಏನು ಕೇಳಬೇಕು ಅಂತ ತಾನಾಗಿ ಹೊಳೆಯುತ್ತದೆ.

2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಬಂದಾಗ ಎಲ್ಲರೂ ಕ್ವೇಕ್ 3 ಆಟದಲ್ಲೇ ಕಾರ್ಡಿನ ವೇಗ ಅಳೆಯುತ್ತಿದ್ದರು. ಹಾರ್ಡ್‌ಒಸಿಪಿ ಅನ್ನುವ ತಾಣದವರು ಆಟದ ಫೈಲಿನಲ್ಲಿ ಕ್ವೇಕ್ ಅಂತ ಇದ್ದಲ್ಲೆಲ್ಲ ಕ್ವ್ಯಾಕ್ ಅಂತ ಬದಲಿಸಿ ಓಡಿಸಿದರು. ಆಟ ಅದೇ, ಕಾರ್ಡು ಅದೇ, ಹೆಸರಲ್ಲಿ ಒಂದು ಅಕ್ಷರದ ವ್ಯತ್ಯಾಸ. ವೇಗ ಇಳಿಯಿತು, ಚಿತ್ರ ಚೆನ್ನಾಯಿತು! ಅಂದರೆ ಡ್ರೈವರು (ಕಾರ್ಡನ್ನು ನಡೆಸುವ ಸಾಫ್ಟ್‌ವೇರು) ಹೆಸರು ನೋಡಿ ಆಟ ಯಾವುದೆಂದು ತಿಳಿದುಕೊಂಡು, ಗೋಡೆ ನೆಲದ ಟೆಕ್ಸ್‌ಚರ್ ಗುಣಮಟ್ಟ ತಗ್ಗಿಸಿ ವೇಗ ತೋರಿಸುತ್ತಿತ್ತು. ಆಡುವವನು ಪೂರ್ತಿ ಗುಣಮಟ್ಟ ಅಂತ ಆರಿಸಿಕೊಂಡಿದ್ದರೂ ಸಿಗುತ್ತಿದ್ದದ್ದು ಅದಲ್ಲ.

2009ರಲ್ಲಿ ಇಂಟೆಲ್‌ನ ಸರದಿ. ತ್ರೀಡಿಮಾರ್ಕ್ ವಾಂಟೇಜ್ ಓಡುವಾಗ ಅವರ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಡ್ರೈವರು ಕೆಲಸದ ಒಂದು ಪಾಲನ್ನು ಪ್ರೊಸೆಸರಿಗೆ ದಾಟಿಸುತ್ತಿತ್ತು. ಟೆಕ್ ರಿಪೋರ್ಟ್‌ನವರು ಫೈಲಿನ ಹೆಸರನ್ನು ವಾಂಟೇಜ್ ಬದಲು ವಿಂಟೇಜ್ ಮಾಡಿದರು, ಸ್ಕೋರು ಬಿತ್ತು. ಯಾವ ಯಾವ ಪ್ರೋಗ್ರಾಮಿಗೆ ಹೀಗೆ ಮಾಡಬೇಕು ಅನ್ನುವ ಹೆಸರಿನ ಪಟ್ಟಿ ಡ್ರೈವರಿನ ಜೊತೆ ಬರುವ ಫೈಲಿನಲ್ಲೇ ಸಿಕ್ಕಿತು.

ಆದ್ದರಿಂದ ನನ್ನ ಮೊದಲ ಸೂಚನೆ: ಅನುಮಾನ ಬಂದ ಸ್ಕೋರನ್ನು ಫೈಲಿನ ಹೆಸರು ಬದಲಿಸಿ ಇನ್ನೊಮ್ಮೆ ಓಡಿಸಲು ಹೇಳಬೇಕು.

ಅಘನಾಶಿನಿ (ಕುಮಟಾ)

ಅಣ್ಣಾ, ಹೆಸರು ಬದಲಿಸಿದ ಕೂಡಲೇ ಸ್ಕೋರು ಬಿದ್ದರೆ ಮೋಸ ಅಂತ ತೀರ್ಪು ಕೊಟ್ಟರೆ ಅನ್ಯಾಯ ಆಗುತ್ತದೆ. ನಾನು ಸಾಫ್ಟ್‌ವೇರ್ ಕೆಲಸದವಳು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೊಸ ಆಟ ಬಂದಾಗಲೆಲ್ಲ ಎನ್ವಿಡಿಯಾ, ಎಎಮ್‌ಡಿ, ಇಂಟೆಲ್ ಮೂವರೂ ಆ ಆಟಕ್ಕೆಂದೇ ಡ್ರೈವರ್ ಬಿಡುತ್ತಾರೆ. ಅದರೊಳಗೆ ಆ ಆಟದ ಹೆಸರಿಗೆ ಒಂದು ಪ್ರೊಫೈಲ್ ಇರುತ್ತದೆ. ಒಂದು ಶೇಡರನ್ನು (ಪರದೆಯ ಬಣ್ಣ, ಬೆಳಕು ಲೆಕ್ಕ ಹಾಕುವ ಚಿಕ್ಕ ಪ್ರೋಗ್ರಾಮು) ಅದೇ ಉತ್ತರ ಕೊಡುವ ಹೆಚ್ಚು ಚುರುಕಿನ ಶೇಡರಿನಿಂದ ಬದಲಿಸಿರಬಹುದು, ಆಟದಲ್ಲಿರುವ ದೋಷಕ್ಕೆ ಪರಿಹಾರ ಕಟ್ಟಿರಬಹುದು. ಇದರ ಲಾಭ ಆಡುವವರಿಗೆ ನಿಜವಾಗಿ ಸಿಗುತ್ತದೆ. ಹೆಸರು ಬದಲಿಸಿದರೆ ಈ ಪ್ರೊಫೈಲೂ ಕೈಬಿಟ್ಟುಹೋಗಿ ವೇಗ ಇಳಿಯುತ್ತದೆ. ಅದರಲ್ಲಿ ಮೋಸ ಎಲ್ಲಿ ಬಂತು?

ಹೆಸರು ಹಿಡಿದು ವೇಗ ಇಳಿಸಿದ್ದೂ ಉಂಟು. ಕಾರ್ಡನ್ನು ಕಾಯಿಸಿ ಪರೀಕ್ಷೆ ಮಾಡುವ ಫರ್‌ಮಾರ್ಕ್‌ನಿಂದ ಹಾರ್ಡ್‌ವೇರ್ ಹಾಳಾದೀತು ಅಂತ 2008ರ ಸುಮಾರಿಗೆ ಎಎಮ್‌ಡಿ ಡ್ರೈವರು ಅದರ ಹೆಸರು ಕಂಡರೆ ವೇಗ ತಗ್ಗಿಸುತ್ತಿತ್ತು. ಹೆಸರು ಗುರುತಿಸುವುದೇ ತಪ್ಪಲ್ಲ, ಗುರುತಿಸಿ ಏನು ಮಾಡಿದರು ಅನ್ನೋದನ್ನು ನೋಡಬೇಕು.

ದೇವಿಮನೆ ಘಟ್ಟ (ಶಿರಸಿ)

ಮಾತು ಒಪ್ಪಿದೆ ತಂಗೀ. ರೇಡಿಯಾನ್ 8500ರ ವಿಷಯದಲ್ಲೂ ಮುಂದಿನ ಡ್ರೈವರಿನಲ್ಲಿ ಚಿತ್ರ ಸರಿಮಾಡಿದರು, ವೇಗ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಅದಕ್ಕೆ 2003ರ ಪ್ರಕರಣ ನೋಡಬೇಕು. ನನ್ನ ಮಟ್ಟಿಗೆ ಇದರಷ್ಟು ಸ್ಪಷ್ಟವಾಗಿ ವಿಷಯ ತಿಳಿಸುವ ಪ್ರಕರಣ ಬೇರೆ ಇಲ್ಲ.

ಆ ವರ್ಷ ಫಿನ್‌ಲ್ಯಾಂಡಿನ ಫ್ಯೂಚರ್‌ಮಾರ್ಕ್ ಕಂಪನಿಯ ತ್ರೀಡಿಮಾರ್ಕ್ 03 ಬಂತು. ಅದರಲ್ಲಿ ದೃಶ್ಯ ಓಡುವಾಗ ಕ್ಯಾಮೆರಾ ಪ್ರತಿ ಸಲವೂ ಒಂದೇ ದಾರಿಯಲ್ಲಿ ಹೋಗುತ್ತದೆ. ಸಾಮಾನ್ಯ ಬಳಕೆದಾರ ಅದನ್ನು ಆಚೀಚೆ ತಿರುಗಿಸುವಂತಿಲ್ಲ. ಆದರೆ ಡೆವಲಪರ್ ಆವೃತ್ತಿಯಲ್ಲಿ ಓಟ ನಿಲ್ಲಿಸಿ ಕ್ಯಾಮೆರಾವನ್ನು ದಾರಿ ಬಿಟ್ಟು ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು. ಎಕ್ಸ್‌ಟ್ರೀಮ್‌ಟೆಕ್ ತಾಣದವರು ಹಾಗೆ ಒಯ್ದು ನೋಡಿದಾಗ, ಎನ್ವಿಡಿಯಾದ ಜಿಫೋರ್ಸ್ ಎಫ್ಎಕ್ಸ್ ಕಾರ್ಡಿನಲ್ಲಿ ಮಾಮೂಲು ದಾರಿಯಿಂದ ಸ್ವಲ್ಪ ಸರಿದ ಕೂಡಲೇ ಆಕಾಶ ಹರಿದುಹೋಗಿತ್ತು. ಹಿಂದಿನ ಫ್ರೇಮಿನ ಕಸ ಹಾಗೇ ಪರದೆಯ ಮೇಲೆ ಉಳಿದಿತ್ತು. ಕ್ಯಾಮೆರಾ ಎಲ್ಲೆಲ್ಲಿ ಹೋಗುತ್ತದೆ ಅಂತ ಮೊದಲೇ ಗೊತ್ತಿದ್ದರಿಂದ, ಕಾಣದ ಭಾಗವನ್ನು ಬಿಡಿಸದೇ ಬಿಡುವ ಕತ್ತರಿ ಡ್ರೈವರಿನೊಳಗೇ ಇತ್ತು. ಹಳೆ ಫ್ರೇಮನ್ನು ಅಳಿಸುವ ಕೆಲಸವನ್ನೂ ಉಳಿಸಿಕೊಂಡಿದ್ದರು.

ಫ್ಯೂಚರ್‌ಮಾರ್ಕ್ 2003ರ ಮೇ ತಿಂಗಳಲ್ಲಿ ತನಿಖೆಯ ವರದಿ ಹಾಕಿ, ಈ ಗುರುತಿಸುವಿಕೆ ನಡೆಯದಂತೆ 330 ಅನ್ನುವ ಪ್ಯಾಚ್ ಬಿಟ್ಟಿತು. ಜಿಫೋರ್ಸ್ ಎಫ್ಎಕ್ಸ್ 5900 ಅಲ್ಟ್ರಾದ ಸ್ಕೋರು 24.1% ಕುಸಿಯಿತು. ಎಟಿಐನ ರೇಡಿಯಾನ್ 9800 ಪ್ರೊ ಕೂಡ ಒಟ್ಟಿನಲ್ಲಿ 1.9% ಇಳಿಯಿತು. ಶೇಡರಿನ ಆದೇಶಗಳ ಕ್ರಮ ಬದಲಿಸಿದ್ದೆವು, ಬರುವ ಚಿತ್ರ ಅದೇ, ಆದರೂ ತೆಗೆಯುತ್ತೇವೆ ಅಂತ ಎಟಿಐ ಹೇಳಿತು. ಎರಡೂ ಕಡೆ ಬೆಂಚ್‌ಮಾರ್ಕನ್ನು ಗುರುತಿಸಿದ್ದು ನಿಜ. ಆದರೆ ಒಂದು ಕಡೆ ಕೆಲಸ ಪೂರ್ತಿ ಆಗಿದೆ, ಇನ್ನೊಂದು ಕಡೆ ಕೆಲಸವನ್ನೇ ಬಿಟ್ಟಿದ್ದಾರೆ.

ಬೇಸರದ ಸಂಗತಿ ಅಂದರೆ ಜೂನ್‌ನಲ್ಲಿ ಫ್ಯೂಚರ್‌ಮಾರ್ಕ್, ಎನ್ವಿಡಿಯಾ ಎರಡೂ ಕಂಪನಿ ಸೇರಿ ಹೇಳಿಕೆ ಹೊರಡಿಸಿ, ಎನ್ವಿಡಿಯಾದ ಡ್ರೈವರು ಮಾಡಿದ್ದು ಮೋಸ ಅಲ್ಲ, ಒಂದು ಅಪ್ಲಿಕೇಶನ್ನಿಗೆ ಮಾಡಿದ ಆಪ್ಟಿಮೈಸೇಶನ್ ಅಂದವು. ನಾನು ಅದನ್ನು ಇವತ್ತಿಗೂ ಒಪ್ಪುವುದಿಲ್ಲ. ಕ್ಯಾಮೆರಾ ತಿರುಗಿಸಿದರೆ ಒಡೆಯುವ ವೇಗ ಯಾವ ಆಟದಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಸೋಂದಾ ಕಡೆಯವ (ಶಿರಸಿ ತಾಲ್ಲೂಕು)

ಇದು ಓದಿದ ಮೇಲೆ ಸರಿಯಾಗಿ ಅರ್ಥ ಆಯ್ತು. ನಮ್ಮಲ್ಲಿ ಚೀಲದ ಬಾಯಿಗೆ ಒಳ್ಳೆ ಚಾಲಿ ಅಡಿಕೆ ಹಾಕಿ, ಅಡಿಗೆ ಕೋಕಾ, ಕೆಂಪುಗೋಟಿನಂಥ ಕಡಿಮೆ ದರ್ಜೆಯದ್ದು ತುಂಬಿದ್ದಾರೋ ಅಂತ ನೋಡಲು ಚೀಲದ ಹೊಟ್ಟೆಗೇ ಕೈ ಹಾಕುತ್ತಾರೆ. ಕ್ಯಾಮೆರಾ ದಾರಿ ತಪ್ಪಿಸಿದ್ದೂ ಅದೇ ಕೆಲಸ.

ನಂದು ಬೇರೆ ಸಮಸ್ಯೆ, ಇಲ್ಲೇ ಹೇಳುತ್ತೇನೆ. ಮಾಣಿ ಹಟ ಮಾಡಿದ ಅಂತ ಆನ್‌ಲೈನಿನಲ್ಲಿ ಒಬ್ಬರಿಂದ ಹಳೆ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ತಗೊಂಡೆ. ವಿಂಡೋಸ್‌ನಲ್ಲಿ ಹೆಸರು ಸರಿಯಾಗೇ ತೋರಿಸ್ತಾ ಇತ್ತು, 4 ಜಿಬಿ ಅಂತಲೂ ಇತ್ತು. ಆಟ ಹಾಕಿದರೆ ಎಳೀತಾ ಇತ್ತು, ಸ್ವಲ್ಪ ಹೊತ್ತಿಗೆ ಪರದೆ ಕಪ್ಪು. ಇದೇ ಗುಂಪಿನ ಒಬ್ಬರು, ಕಾರ್ಡಿನ ಒಳಗಿನ ವಿವರ ತೋರಿಸುವ ಜಿಪಿಯು-ಜೆಡ್ ಹಾಕಿ ನೋಡು ಅಂದರು. ಹೆಸರಿನ ಮುಂದೆ ಫೇಕ್ ಅಂತ ಬಂತು. ಒಳಗಿದ್ದದ್ದು ಜಿಎಫ್116 ಚಿಪ್, 192 ಕೋರ್. ನಿಜವಾದ 1050 ಟಿಐಗೆ 768 ಕೋರ್ ಇರಬೇಕಂತೆ. ಹಳೇ ಕಾರ್ಡಿನ ಬಯಾಸ್ (ಕಾರ್ಡಿನೊಳಗೇ ಇರುವ ಸಾಫ್ಟ್‌ವೇರು) ತಿದ್ದಿ ಹೊಸ ಹೆಸರು ಹಾಕಿ ಮಾರಿದ್ದು. ಮಾರಿದವರು ಆಮೇಲೆ ಫೋನೇ ಎತ್ತಲಿಲ್ಲ.

ಇಂಥ ಕಾರ್ಡಿನ ಸ್ಕೋರನ್ನು ನಾನು ತಿಳಿಯದೆ ನಿಮ್ಮ ಪಟ್ಟಿಗೆ ಕಳಿಸಿದ್ದರೆ, 1050 ಟಿಐ ಅಂದರೆ ಇಷ್ಟೇ ಅಂತ ಮಂದಿ ತಿಳೀತಿದ್ದರು.

ಕಾಳಿತೀರ (ಕಾರವಾರ)

ತುಂಬ ಮುಖ್ಯವಾದ ಮಾತು. ಜಿಪಿಯು-ಜೆಡ್ 2018ರಿಂದ ಇಂಥ ನಕಲಿ ಎನ್ವಿಡಿಯಾ ಕಾರ್ಡುಗಳನ್ನು ಗುರುತಿಸುತ್ತದೆ, ಉಚಿತವಾಗಿ ಸಿಗುತ್ತದೆ. ಇನ್ನು ಮುಂದೆ ಸ್ಕೋರಿನ ಜೊತೆ ಅದರ ಸ್ಕ್ರೀನ್‌ಶಾಟ್ ಇಲ್ಲದಿದ್ದರೆ ಪಟ್ಟಿಗೆ ಸೇರಿಸುವುದಿಲ್ಲ. ಇದರಲ್ಲಿ ಚರ್ಚೆ ಬೇಡ.

ಬೈತಖೋಲ ಹುಡುಗ (ಕಾರವಾರ)

ಅಣ್ಣಾ, ಮೋಸ ಇಲ್ಲದೇ ಸ್ಕೋರು ಬೇರೆ ಬರುವುದರ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯಲಾ?

4060ರ ಜಗಳಕ್ಕೆ ಅರ್ಧ ಉತ್ತರ ವ್ಯಾಟ್‌ನಲ್ಲಿದೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ಕ್ಕೆ ಎನ್ವಿಡಿಯಾ ಕೊಟ್ಟಿರುವ ಮಿತಿ 35ರಿಂದ 115 ವ್ಯಾಟ್. ತೆಳ್ಳಗಿನ ಲ್ಯಾಪ್‌ಟಾಪ್ ಮಾಡುವವರು ಕಡಿಮೆ ಇಡುತ್ತಾರೆ, ದಪ್ಪದ್ದಕ್ಕೆ ಪೂರ್ತಿ ಕೊಡುತ್ತಾರೆ. ಡಬ್ಬಿಯ ಮೇಲಿನ ಸ್ಟಿಕ್ಕರು ಮಾತ್ರ ಎರಡಕ್ಕೂ ಒಂದೇ! ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಂ ಇನ್ಫರ್ಮೇಶನ್ ತೆರೆದರೆ ನಿಮ್ಮದಕ್ಕೆ ಎಷ್ಟು ವ್ಯಾಟ್ ಅಂತ ಕಾಣುತ್ತದೆ. ರ್‍ಯಾಮ್ ಒಂದೇ ಸ್ಟಿಕ್ ಹಾಕಿ ಮಾರುವುದು, ಚಾರ್ಜರ್ ಹಾಕದೇ ಓಡಿಸುವುದು, ಸೈಲೆಂಟ್ ಮೋಡಿನಲ್ಲಿ ಮರೆತುಬಿಡುವುದು ಇವೆಲ್ಲ ಇದರ ಮೇಲೆ.

ಆಮೇಲೆ ನಮ್ಮ ಸೆಕೆ. ಏಪ್ರಿಲ್ ಮಧ್ಯಾಹ್ನ ಬೈತಖೋಲದಲ್ಲಿ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ಓಡಿಸಿದ ಲ್ಯಾಪ್‌ಟಾಪನ್ನು, ಡಿಸೆಂಬರ್ ಬೆಳಿಗ್ಗೆ ಶಿರಸಿಯ ಚಳಿಯಲ್ಲಿ ಓಡಿಸಿದ್ದಕ್ಕೆ ಹೇಗೆ ಹೋಲಿಸುವುದು? ನಂದರಲ್ಲಿ ಮೊದಲ ಓಟದ ಸ್ಕೋರು ಚೆನ್ನಾಗೇ ಬರುತ್ತದೆ. ಬಿಡದೆ ಓಡಿಸುತ್ತ ಹೋದ ಹಾಗೆ ಫ್ಯಾನ್ ಕೂಗಲು ಶುರುಮಾಡುತ್ತದೆ, ಕೀಬೋರ್ಡಿನ ಮೇಲಿನ ಸಾಲು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಚಿಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನಾವು ಆಡುವುದು ಆ ಇಳಿದ ವೇಗದಲ್ಲಿ. ಒಂದು ಸಲ ಓಡಿಸಿ ಬಂದ ಅಂಕೆ ಹಾಕುವುದಕ್ಕೆ ಅರ್ಥವೇ ಇಲ್ಲ ಅನ್ನಿಸುತ್ತದೆ.

ಅಘನಾಶಿನಿ (ಕುಮಟಾ)

ತಮ್ಮಾ, ಚೆನ್ನಾಗಿ ಬರೆದೆ. ತ್ರೀಡಿಮಾರ್ಕ್‌ನಲ್ಲೇ ಇದಕ್ಕೆ ಸ್ಟ್ರೆಸ್ ಟೆಸ್ಟ್ ಇದೆ. ಒಂದೇ ದೃಶ್ಯವನ್ನು 20 ಸುತ್ತು ಓಡಿಸುತ್ತದೆ, ಫ್ರೇಮ್ ವೇಗದ ಸ್ಥಿರತೆ 97% ಇದ್ದರೆ ಪಾಸು. ಆದರೆ ಅದು ದುಡ್ಡು ಕೊಟ್ಟ ಆವೃತ್ತಿಯಲ್ಲಿ ಮಾತ್ರ. ಇಲ್ಲಿನ ಹುಡುಗರಿಗೆ ಅದನ್ನು ಕಡ್ಡಾಯ ಮಾಡಬೇಡಿ. ಉಚಿತವಾಗಿ ಸಿಗುವ ಯೂನಿಜಿನ್ ಹೆವನ್ ತಾನಾಗಿ ಸುತ್ತುತ್ತಲೇ ಇರುತ್ತದೆ. ಅದನ್ನು ಅರ್ಧ ಗಂಟೆ ಬಿಟ್ಟು, ಯಂತ್ರ ಕಾದ ಮೇಲೆ ಟೈಮ್ ಸ್ಪೈ ಓಡಿಸಿದರೆ ಸಾಕು. ತಣ್ಣಗಿನ ಸ್ಕೋರು, ಕಾದ ಸ್ಕೋರು ಎರಡೂ ಬರೆಯಲಿ, ಕೋಣೆಯ ಉಷ್ಣತೆಯೂ ಇರಲಿ.

ಟೈಮ್ ಸ್ಪೈ ಫಲಿತಾಂಶದ ಲಿಂಕನ್ನೇ ಕೇಳಿ, ಬರೀ ಫೋಟೋ ಬೇಡ. ಯಾವ ಡ್ರೈವರು, ಅದು ತ್ರೀಡಿಮಾರ್ಕ್‌ನವರು ಒಪ್ಪಿದ ಡ್ರೈವರೋ ಅಲ್ಲವೋ ಅನ್ನೋದೆಲ್ಲ ಲಿಂಕಿನಲ್ಲಿ ಕಾಣುತ್ತದೆ. ಎಎಮ್‌ಡಿ ಕಾರ್ಡಿನವರು ಡ್ರೈವರ್ ಸೆಟ್ಟಿಂಗಿನಲ್ಲಿ ಟೆಸಲೇಶನ್ (ಆಕಾರಗಳ ಸೂಕ್ಷ್ಮ ವಿವರ) ತಗ್ಗಿಸಿ ಓಡಿಸಿದರೆ ಅದನ್ನೂ ಹಿಡಿದು ಫಲಿತಾಂಶ ಅಮಾನ್ಯ ಅಂತ ಹಾಕುತ್ತದೆ.

ಬಂದರು ರಸ್ತೆ (ಹೊನ್ನಾವರ)

ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ನೀವೆಲ್ಲ ಲ್ಯಾಪ್‌ಟಾಪು, ಕಾರ್ಡು ಅಂತೀರಿ, ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಹುಡುಗರು ಆಡುವುದು ಫೋನಿನಲ್ಲೇ. ಮೋಸ ಅಲ್ಲಿ ಜಾಸ್ತಿ ನಡೆದಿದೆ.

2013ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4 ಫೋನಿನ ಗ್ರಾಫಿಕ್ಸ್ ಕೆಲವು ಬೆಂಚ್‌ಮಾರ್ಕ್ ಓಡುವಾಗ 533 ಮೆಗಾಹರ್ಟ್ಜ್ ಮುಟ್ಟುತ್ತಿತ್ತು, ಆಟ ಆಡುವಾಗ 480 ದಾಟುತ್ತಿರಲಿಲ್ಲ. ಅದನ್ನು ಹೊರತಂದವರು ಆನಂದ್‌ಟೆಕ್. ಫೋನಿನ ಸಾಫ್ಟ್‌ವೇರ್ ಬಿಚ್ಚಿ ನೋಡಿದರೆ ಒಳಗೆ ಬೆಂಚ್‌ಮಾರ್ಕ್ ಬೂಸ್ಟರ್ ಅಂತಲೇ ಬರೆದಿತ್ತು! ಅದೇ ವರ್ಷ ಫ್ಯೂಚರ್‌ಮಾರ್ಕ್ ತನ್ನ ಪಟ್ಟಿಯಿಂದ ಸ್ಯಾಮ್‌ಸಂಗ್ ಮತ್ತು ಎಚ್‌ಟಿಸಿಯ ಕೆಲವು ಮಾಡೆಲ್ ಕಿತ್ತು ಹಾಕಿತು. 2018ರಲ್ಲಿ ಹುವಾವೆಯ ಪಿ20 ಮತ್ತು ಇನ್ನು ಕೆಲವಕ್ಕೆ ಅದೇ ಗತಿ. ಆ ಹೊತ್ತಿಗೆ ಫ್ಯೂಚರ್‌ಮಾರ್ಕ್ ಯುಎಲ್ ಕೈಗೆ ಹೋಗಿತ್ತು. ಅವರು ಜನರಿಗೆ ಸಿಗದ, ಹೆಸರು ಬೇರೆ ಇರುವ ಅದೇ ಪರೀಕ್ಷೆ ಓಡಿಸಿ ಹಿಡಿದರು.

2022ರದ್ದು ಇದರ ತಲೆಕೆಳಗು. ಸ್ಯಾಮ್‌ಸಂಗ್‌ನ ಗೇಮ್ ಆಪ್ಟಿಮೈಸಿಂಗ್ ಸರ್ವಿಸ್ ಸಾವಿರಾರು ಆ್ಯಪ್‌ಗಳ ವೇಗ ಇಳಿಸುತ್ತಿತ್ತು, ಬೆಂಚ್‌ಮಾರ್ಕ್ ಆ್ಯಪ್‌ಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಗೀಕ್‌ಬೆಂಚ್‌ನವರು ಎಸ್10ರಿಂದ ಎಸ್22ರವರೆಗಿನ ಫೋನುಗಳನ್ನು ತಮ್ಮ ಪಟ್ಟಿಯಿಂದ ತೆಗೆದರು.

ಫೋನಿಗೂ ಒಂದು ಹಾಳೆ ತೆರೆಯಿರಿ. ಮೊದಲ ಸುತ್ತಿನ ಅಂಕೆ ನಂಬಬೇಡಿ, ತ್ರೀಡಿಮಾರ್ಕ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟಿನ ಕೊನೆಯ ಸುತ್ತಿನ ಅಂಕೆ ಕೇಳಿ. ಹಿಂದಿನ ಕವರ್ ತೆಗೆದು ಓಡಿಸಿದರೋ ಹಾಕಿಕೊಂಡೋ ಅಂತ ಬರೆಸಿ. ಫೋನನ್ನು ಫ್ರಿಜ್ಜಿನಲ್ಲಿಟ್ಟು ಓಡಿಸಿದವರನ್ನು ನಾನೇ ಕಂಡಿದ್ದೇನೆ.

ಬೈತಖೋಲ ಹುಡುಗ (ಕಾರವಾರ)

ಇನ್ನೊಂದು ಪ್ರಶ್ನೆ. ಫ್ರೇಮ್ ಜನರೇಶನ್ ಹಾಕಿ ಬಂದ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮು) ಲೆಕ್ಕಕ್ಕೆ ಇದೆಯಾ? ನನ್ನ ಗೆಳೆಯ ಹಾಗೆ ಹಾಕಿ ಕಳಿಸಬೇಕು ಅಂತಿದ್ದಾನೆ.

ಅಘನಾಶಿನಿ (ಕುಮಟಾ)

ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. 2025ರ ಜನವರಿಯಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ವೇದಿಕೆಯ ಮೇಲೆ ನಿಂತು, 549 ಡಾಲರಿನ ಆರ್‌ಟಿಎಕ್ಸ್ 5070 ಹಿಂದಿನ ಪೀಳಿಗೆಯ 4090ರ ಸಾಮರ್ಥ್ಯ ಕೊಡುತ್ತದೆ ಅಂದರು. ಆ ಮಾತು ನಿಂತಿದ್ದು ಡಿಎಲ್‌ಎಸ್‌ಎಸ್ 4 ಅನ್ನುವ ಅವರ ಫ್ರೇಮ್ ಜನರೇಶನ್ ತಂತ್ರದ ಮೇಲೆ. ಅದು ಕಾರ್ಡು ನಿಜವಾಗಿ ಬಿಡಿಸಿದ ಒಂದು ಫ್ರೇಮಿಗೆ ಮೂರರವರೆಗೆ ಊಹೆಯ ಫ್ರೇಮು ಸೇರಿಸುತ್ತದೆ. ಪರದೆಯ ಮೇಲೆ ಓಟ ನುಣುಪಾಗಿ ಕಾಣುತ್ತದೆ, ಅದು ಸುಳ್ಳಲ್ಲ. ಆದರೆ ನೀನು ಮೌಸ್ ಅಲುಗಿಸಿದ್ದು ಊಹೆಯ ಫ್ರೇಮಿಗೆ ಗೊತ್ತಿರುವುದಿಲ್ಲ. ಎರಡು ನಿಜವಾದ ಫ್ರೇಮಿನ ನಡುವೆ ತುಂಬಬೇಕಾದ್ದರಿಂದ ಎರಡನೆಯದನ್ನು ಸ್ವಲ್ಪ ತಡೆಹಿಡಿಯಬೇಕು, ಕೈಗೂ ಕಣ್ಣಿಗೂ ನಡುವಿನ ವಿಳಂಬ ಅಲ್ಲಿ ಹೆಚ್ಚುತ್ತದೆ. 30 ಫ್ರೇಮಿನ ಆಟ ಅಂಕೆಯಲ್ಲಿ 100 ದಾಟಿದರೂ ಕೈಗೆ 30ರ ಹಾಗೇ ಹತ್ತುತ್ತದೆ.

ತಂತ್ರಜ್ಞಾನ ಬಳಸಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ಬಳಸುತ್ತೇನೆ. ಆದರೆ ಆ ಅಂಕೆಯನ್ನು ನಿಜವಾದ ಫ್ರೇಮಿನ ಕಾಲಮ್ಮಿಗೆ ಹಾಕಿದರೆ ಇಷ್ಟು ಹೊತ್ತು ಮಾತಾಡಿದ್ದೆಲ್ಲ ನೀರಿಗೆ ಹೋದ ಹಾಗೆ. ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಪ್‌ಸ್ಕೇಲಿಂಗೂ ಹಾಗೇ, ಬೇರೆ ಕಾಲಮ್ಮು.

ಸರಾಸರಿ ಎಫ್‌ಪಿಎಸ್ ಒಂದನ್ನೇ ನೋಡಬಾರದು ಅನ್ನುವುದನ್ನೂ ಸೇರಿಸಿ. ಒಂದು ಸೆಕೆಂಡಿನಲ್ಲಿ 60 ಫ್ರೇಮು ಬಂದರೂ ಅದರಲ್ಲಿ 59 ಮೊದಲ ಅರ್ಧ ಸೆಕೆಂಡಿನಲ್ಲೇ ಬಂದು, ಉಳಿದ ಅರ್ಧ ಸೆಕೆಂಡು ಪರದೆ ಅಲುಗದೆ ನಿಂತರೆ ಅದನ್ನು ಆಡಲಿಕ್ಕೆ ಬರುತ್ತದೆಯೇ? ಇಂಟೆಲ್‌ನ ಪ್ರೆಸೆಂಟ್‌ಮಾನ್ ಉಚಿತ, ಯಾವ ಕಂಪನಿಯ ಕಾರ್ಡಿಗೂ ನಡೆಯುತ್ತದೆ, ಪ್ರತಿ ಫ್ರೇಮಿನ ಸಮಯ ಬರೆದಿಡುತ್ತದೆ. ಅತಿ ನಿಧಾನದ 1% ಫ್ರೇಮಿನ ಅಂಕೆ ಅದರಿಂದ ತೆಗೆಯಿರಿ.

ದೇವಿಮನೆ ಘಟ್ಟ (ಶಿರಸಿ)

ಯೂಟ್ಯೂಬಿನವರ ಅಂಕೆ ತಂದು ನಮ್ಮ ಪಟ್ಟಿಯ ಪಕ್ಕ ಇಡುವವರಿಗೂ ಒಂದು ಮಾತು. 2016ರಲ್ಲಿ ಎಂಎಸ್‌ಐ ಮತ್ತು ಆಸುಸ್, ವಿಮರ್ಶಕರಿಗೆ ಕಳಿಸಿದ ಜಿಟಿಎಕ್ಸ್ 1080 ಕಾರ್ಡಿನ ವೇಗವನ್ನು ಅಂಗಡಿಯ ಕಾರ್ಡಿಗಿಂತ ಸ್ವಲ್ಪ ಮೇಲೆ ಇಟ್ಟಿದ್ದವು, ಟೆಕ್‌ಪವರ್‌ಅಪ್ ಅದನ್ನು ಬಯಲು ಮಾಡಿತು. ವ್ಯತ್ಯಾಸ ಚಿಕ್ಕದೇ. ಆದರೆ ಅಂಗಡಿಯಿಂದ ದುಡ್ಡು ಕೊಟ್ಟು ತಂದ ಕಾರ್ಡಿನ ಅಂಕೆಗೆ ಬೇರೆಯೇ ಬೆಲೆ ಇದೆ, ನಮ್ಮ ಪಟ್ಟಿಯಲ್ಲಿರುವುದು ಅಂಥದ್ದೇ.

ಆಟಗಳಲ್ಲಿ ಅಳೆಯುವಾಗ ಆಟದೊಳಗಿನ ಬೆಂಚ್‌ಮಾರ್ಕ್ ಬಟನ್ ಒತ್ತಿ ಸುಮ್ಮನಾಗಬೇಡಿ. ಅದರ ದಾರಿ ಎಲ್ಲ ಕಂಪನಿಗೂ ಗೊತ್ತು. ನಾವೇ ಒಂದು ಸೇವ್ ಫೈಲ್ ಹಂಚಿಕೊಂಡು, ಅದೇ ಜಾಗದಿಂದ ಅದೇ ದಾರಿಯಲ್ಲಿ ಎರಡು ನಿಮಿಷ ನಡೆಯೋಣ. ಕೆಲವು ತಿಂಗಳಿಗೊಮ್ಮೆ ದಾರಿ ಬದಲಿಸೋಣ. ಪ್ರತಿಯೊಬ್ಬರೂ ಗೊತ್ತುಮಾಡಿದ ಒಂದು ಜಾಗದಲ್ಲಿ ನಿಂತು ಸ್ಕ್ರೀನ್‌ಶಾಟ್ ತೆಗೆದು ಕಳಿಸಲಿ, ಚಿತ್ರಕ್ಕೆ ಚಿತ್ರ ಹೋಲಿಸಿದರೆ ಯಾರು ಏನು ತಗ್ಗಿಸಿದ್ದಾರೆ ಅಂತ ಕಾಣುತ್ತದೆ. ಹೆಸರು ಬದಲಿಸುವ ಪರೀಕ್ಷೆಯನ್ನು ಅನುಮಾನ ಬಂದಾಗ ಮಾತ್ರ ಇಟ್ಟುಕೊಳ್ಳೋಣ, ಅದೊಂದರ ಮೇಲೆ ತೀರ್ಪು ಬೇಡ. ತಂಗಿ ಹೇಳಿದ್ದು ಸರಿ ಇದೆ.

ಕಾಳಿತೀರ (ಕಾರವಾರ)

ಎಲ್ಲರ ಮಾತೂ ಸೇರಿಸಿ ಪಟ್ಟಿಯ ಅರ್ಜಿ ಬದಲಿಸಿದ್ದೇನೆ. ಜಿಪಿಯು-ಜೆಡ್ ಚಿತ್ರ, ಟೈಮ್ ಸ್ಪೈ ಲಿಂಕು, ವ್ಯಾಟ್ ಮಿತಿ, ರ್‍ಯಾಮ್ ಎಷ್ಟು ಸ್ಟಿಕ್ಕು, ಡ್ರೈವರ್ ಆವೃತ್ತಿ, ಕೋಣೆಯ ಉಷ್ಣತೆ, ಕಾಯಿಸಿದ ಮೇಲಿನ ಸ್ಕೋರು ಇಷ್ಟಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಆಟದ ಅಂಕೆಗೆ ಸ್ಕ್ರೀನ್‌ಶಾಟ್ ಮತ್ತು 1% ಕಡ್ಡಾಯ. ಫ್ರೇಮ್ ಜನರೇಶನ್ನಿಗೆ, ಅಪ್‌ಸ್ಕೇಲಿಂಗಿಗೆ ಬೇರೆ ಬೇರೆ ಕಾಲಮ್ಮು ಬಿಟ್ಟಿದ್ದೇನೆ. ಫೋನಿನ ಹಾಳೆಯನ್ನು ಹೊನ್ನಾವರದವರೇ ನೋಡಿಕೊಳ್ಳುತ್ತಾರೆ, ಒಪ್ಪಿದ್ದಾರೆ.

ಆ ಎರಡು 4060 ಲ್ಯಾಪ್‌ಟಾಪಿನವರ ಹತ್ತಿರವೂ ಇದೇ ವಿವರ ತರಿಸಿಕೊಂಡೆ. ಒಂದು 115 ವ್ಯಾಟಿನದು, ರ್‍ಯಾಮ್ ಎರಡು ಸ್ಟಿಕ್ಕು. ಇನ್ನೊಂದು 75 ವ್ಯಾಟಿನದು, ಒಂದೇ ಸ್ಟಿಕ್ಕು, ಓಡಿಸಿದ್ದು ಮಧ್ಯಾಹ್ನದ ಸೆಕೆಯಲ್ಲಿ. ಎರಡೂ ಸ್ಕೋರು ಸರಿಯಾಗೇ ಇವೆ, ಯಾರೂ ಏನೂ ತಿದ್ದಿಲ್ಲ. ಹೆಸರು ತೆಗೆಯಿರಿ ಅಂದವರಿಗೆ ಫೋನ್ ಮಾಡಿ ಮಾತಾಡಿದ್ದೇನೆ, ಅವರ ಸಾಲು ಮತ್ತೆ ಪಟ್ಟಿಗೆ ಸೇರಿದೆ. ಮೋಸಗಾರ ಅಂತ ಬರೆದವರು ಆ ಮಾತನ್ನು ಅಳಿಸಬೇಕು ಅಂತ ಇಲ್ಲೇ ಕೇಳಿಕೊಳ್ಳುತ್ತೇನೆ. 75 ವ್ಯಾಟಿನದಕ್ಕೆ ಇನ್ನೊಂದು ರ್‍ಯಾಮ್ ಸ್ಟಿಕ್ ಹಾಕಿಸಿ ನೋಡಿ, ಖಾಲಿ ಸ್ಲಾಟ್ ಇದೆ.

ಹಳೆಯ ಸ್ಕೋರು ಕಳಿಸಿದವರು ಈ ತಿಂಗಳೊಳಗೆ ಉಳಿದ ವಿವರ ತುಂಬಿ. ವಿವರ ಬಾರದ ಸಾಲುಗಳನ್ನು ಅಳಿಸುವುದಿಲ್ಲ, ಬೇರೆ ಹಾಳೆಗೆ ಹಾಕುತ್ತೇನೆ. ಆ ಹಾಳೆ ನೋಡಿ ಯಾರೂ ಏನೂ ಕೊಳ್ಳಬೇಡಿ ಅಂತ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಬರೆದಿರುತ್ತೇನೆ.

ಸೋಂದಾ ಕಡೆಯವ (ಶಿರಸಿ ತಾಲ್ಲೂಕು)

ನನ್ನ ನಕಲಿ ಕಾರ್ಡಿನ ಫೋಟೋ ಕಳಿಸಲಾ? ಮುಂದೆ ಪ್ಲಾಸ್ಟಿಕ್ ಕವಚ ಹೊಸದು, ಹಿಂದಿನ ಬೋರ್ಡು ಹಳೇದು, ವಿದ್ಯುತ್ತಿಗೆ ಆರು ಪಿನ್ನಿನ ಜಾಗವೂ ಇದೆ.

ಕಾಳಿತೀರ (ಕಾರವಾರ)

ಕಳಿಸಿ ಮಾರಾಯ್ರೆ. ಎರಡೂ ಬದಿಯದ್ದು, ಬೆಳಕಿನಲ್ಲಿ ತೆಗೆದು ಕಳಿಸಿ. ಹಳೆ ಕಾರ್ಡು ಕೊಳ್ಳುವವರಿಗೆ ಅಂತ ಪಟ್ಟಿಯ ಮೊದಲ ಪುಟದಲ್ಲೇ ಹಾಕುತ್ತೇನೆ.